ಎಷ್ಟು ಸೆಂಟ್ಸ್ ಓದಿದೆ, ಮಗಳೇ?

ನನ್ನ ಅಕ್ಕ ಪುಸ್ತಕ ಓದುವವಳಲ್ಲ. ಪುಸ್ತಕಗಳನ್ನು ಕೆಲಸಕ್ಕೆ ಹಚ್ಚುವವಳು! ಮೂಡಿಗೆರೆ ಕಡೆಯ ಅವಳ ಕಾಫಿ ತೋಟದಲ್ಲಿ ಸುಮ್ಮನೆ ಕೂತ ಜೀವ ಎಂಬುದೇ ಇಲ್ಲ. ನಾಯಿಗೂ ಪಾಳಿ ಇದೆ. ಭಾವ ಪೇಟೆಯಲ್ಲಿ ಗೊಬ್ಬರದಂಗಡಿ ಇಟ್ಟುಕೊಂಡು, ಹೆಂಡತಿಯ ತೋಟಕ್ಕೇ ಗೊಬ್ಬರ ಮಾರಿ, ಅವಳಿಂದಲೇ ಚೌಕಾಸಿ ಮಾಡಿಸಿಕೊಂಡು ಬದುಕಿದ್ದಾರೆ. ಇಂಥ ಅಕ್ಕನಿಗೆ ಈ ಸಲ ಬೇಸಿಗೆ ಶುರುವಾಗುವ ಹೊತ್ತಿಗೆ ಜ್ಞಾನೋದಯವಾಯಿತು. ಒಬ್ಬಳೇ ಮಗಳು ಐದನೇ ಕ್ಲಾಸು ಮುಗಿಸುತ್ತಿದ್ದಾಳೆ, ಜೂನಿಗೆ ಮಂಗಳೂರಿನ ಹಾಸ್ಟೆಲಿಗೆ ಹೊರಡುತ್ತಾಳೆ. ಅಷ್ಟರೊಳಗೆ ಅಮ್ಮ ಮಗಳು ಜೊತೆಯಲ್ಲಿ ಕೂತು ಒಂದಿಷ್ಟು ಪುಸ್ತಕ ಓದಿ ಮುಗಿಸಬೇಕು.

ಕೂತು? ಅಕ್ಕ? ಅವಳು ಕೂತಿದ್ದನ್ನು ನಾನು ಕೊನೆಯ ಸಲ ನೋಡಿದ್ದು ಹಸೆಮಣೆಯ ಮೇಲೆ!

ನಾನು ಚಿಕ್ಕಮಗಳೂರಿನಲ್ಲಿ ಕಾಲೇಜು ಮೇಷ್ಟ್ರು. ಅಕ್ಕನ ಲೆಕ್ಕದಲ್ಲಿ ಮೇಷ್ಟ್ರು ಎಂದರೆ ವರ್ಷವಿಡೀ ರಜೆಯಲ್ಲಿದ್ದು ಸಂಬಳ ಎಣಿಸುವವನು. ಹಾಗಾಗಿ ಫೋನು ನನಗೇ ಬಂತು.

"ಮಗಳಿಗೆ ಒಂದಿಷ್ಟು ಪುಸ್ತಕ ತಗೊಂಡ್ ಬಾ ಮಾರಾಯ."

"ಯಾವ ಪುಸ್ತಕ ಅಕ್ಕಾ?"

"ಅದೆಲ್ಲ ನಂಗೆಂತ ಗೊತ್ತು? ಎಲ್ಲಾ ಒಂದೇ ತಳಿ ಬೇಡ. ಒಂದಕ್ಕೆ ರೋಗ ಬಂದ್ರೆ ಎಲ್ಲಾ ಹೋಗುತ್ತೆ. ತೆಳ್ಳಗಿರೋದು ಜಾಸ್ತಿ ಇರ್ಲಿ. ಕಾಫಿ ಗಿಡಕ್ಕೆ ಮರ ಇದ್ದ ಹಾಗೆ, ನೆರಳಿಗೆ ಅಂತ ದಪ್ಪದ್ದು ಒಂದು ಹಾಕು."

ನೆರಳಿಗೊಂದು ದಪ್ಪ ಪುಸ್ತಕ! ಇಷ್ಟು ವರ್ಷ ಸಾಹಿತ್ಯ ಪಾಠ ಮಾಡಿದರೂ ಈ ವಿಮರ್ಶಾ ಸೂತ್ರ ನನಗೆ ಹೊಳೆದಿರಲಿಲ್ಲ, ನೋಡಿ.

ಪುಸ್ತಕ ತಂದುಕೊಟ್ಟೆ. ಅಕ್ಕ ಕೂಡಲೇ ಯೋಜನೆ ಬರೆದಳು. ಎಲ್ಲಿ ಬರೆದಳು? ಸ್ಟೋರಿನ ಜಗಲಿಯ ಕರಿಹಲಗೆಯ ಮೇಲೆ! ದಿನಾ ಬೆಳಿಗ್ಗೆ ಮೇಸ್ತ್ರಿ ಆ ಹಲಗೆ ಓದಿಯೇ ಆಳುಗಳಿಗೆ ಕೆಲಸ ಹಂಚುವುದು. ಎಡಗಡೆ ಸ್ಪ್ರಿಂಕ್ಲರ್ ಎಲ್ಲಿ ಹಾಕಬೇಕು ಎಂಬುದು, ಬಲಗಡೆ ಮಗಳು ಏನು ಓದಬೇಕು ಎಂಬುದು. ಒಂದು ಸೋಮವಾರ ಎಡಗಡೆಯದು ಅಳಿಸಿತ್ತು, ಬಲಗಡೆ ಮಾತ್ರ ದಪ್ಪ ಅಕ್ಷರದಲ್ಲಿ ಉಳಿದಿತ್ತು: "ಬೆಳಿಗ್ಗೆ ಆನೆ. ಸಂಜೆ ಕಾಡು."

ಆನೆ ಎಂದ ಮೇಲೆ ನಮ್ಮ ಕಡೆ ಯಾರಾದರೂ ಎರಡನೇ ಸಲ ಓದುತ್ತಾರೆಯೇ? ಮೇಸ್ತ್ರಿ ಆಳುಗಳನ್ನೆಲ್ಲ ಮನೆಗೆ ಕಳಿಸಿದ. ಅಕ್ಕಪಕ್ಕದ ತೋಟದವರ ವಾಟ್ಸಾಪ್ ಗುಂಪಿಗೂ ಸುದ್ದಿ ಹಾಕಿದ. ಅಲ್ಲೂ ಕೆಲಸ ನಿಂತಿತು. ಅರಣ್ಯದವರು ಜೀಪಿನಲ್ಲಿ ಬಂದು ಇಳಿದಾಗ ಮನೆಯ ಮುಂದೆ ಇದ್ದದ್ದು ಅಕ್ಕನ ಮಗಳು, ಅಂದರೆ ನನ್ನ ಸೊಸೆ, ಒಬ್ಬಳೇ.

"ಆನೆ ಎಲ್ಲಿದೆ ಪುಟ್ಟಿ?"

"ಇನ್ನೂ ಮೂರನೇ ಪುಟದಲ್ಲಿದೆ," ಎಂದು ಅವಳು ಪುಸ್ತಕ ತಿರುಗಿಸಿ ತೋರಿಸಿದಳಂತೆ.

"ನೀವೇ ಬರ್ದಿದ್ರಲ್ಲಮ್ಮಾ, ಬೆಳಿಗ್ಗೆ ಆನೆ ಅಂತ!" ಎಂದು ಮೇಸ್ತ್ರಿ ಗೋಗರೆದ.

"ಮೊದ್ಲೇ ಟೈಮ್ ಹೇಳಿ ಬರೋ ಆನೆ ಎಲ್ಲಿದೆ ಮಾರಾಯ?" ಎಂದಳು ಅಕ್ಕ. ತಪ್ಪು ಯಾರದ್ದು? ಎಂದಿನಂತೆ ಪುಸ್ತಕ ತಂದ ನನ್ನದು!

ಇನ್ನು ಓದಿನ ಅಳತೆ. ಕಾಫಿಯವರು ಮಳೆಯನ್ನು ಅಳೆಯುವುದು ಇಂಚು, ಸೆಂಟ್ಸ್ ಲೆಕ್ಕದಲ್ಲಿ. ನೂರು ಸೆಂಟ್ಸಿಗೆ ಒಂದಿಂಚು. ಹನಿ ನಿಲ್ಲುವುದೇ ತಡ, ಮಳೆಮಾಪಕ ನೋಡಿ ಊರಿಗೆಲ್ಲ ಫೋನು. ಬೇಸಿಗೆಯಲ್ಲಿ ಹೂಮಳೆ ಬಿದ್ದರೆ ಗಿಡವೆಲ್ಲ ಬೆಳ್ಳಗೆ ಹೂವಾಗುತ್ತದೆ. ಅಷ್ಟಕ್ಕೇ ಬೀಗುವಂತಿಲ್ಲ. ಕೆಲವು ವಾರ ಬಿಟ್ಟು 'ಬ್ಯಾಕಿಂಗ್' ಎನ್ನುವ ಇನ್ನೊಂದು ಮಳೆ ಬೀಳಬೇಕು, ಇಲ್ಲದಿದ್ದರೆ ಹೂವು ಕಾಯಿ ಕಚ್ಚುವುದಿಲ್ಲ. ಈ ಶಾಸ್ತ್ರವನ್ನು ಅಕ್ಕ ಮಗಳ ಓದಿಗೂ ಹಚ್ಚಿದಳು. ಒಂದು ಪುಟಕ್ಕೆ ಒಂದು ಸೆಂಟ್!

"ಎಷ್ಟು ಸೆಂಟ್ಸ್ ಓದಿದೆ, ಮಗಳೇ?"

"ಇಪ್ಪತ್ತು ಅಮ್ಮಾ."

"ಅದ್ರಲ್ಲಿ ಧೂಳೂ ಅಡಗಲ್ಲ!"

ಮಗಳೇನು ಕಮ್ಮಿಯೇ? ಅಕ್ಕನ ಹೊಟ್ಟೆಯಲ್ಲೇ ಹುಟ್ಟಿದವಳು. ಪುಸ್ತಕ ಬಿಡಿಸಿಟ್ಟುಕೊಂಡು ಸುಮ್ಮನೆ ಕೂತ ದಿನ, "ಮೋಡ ಕಟ್ಟಿದೆ ಅಮ್ಮಾ, ಹನಿ ಬಿದ್ದಿಲ್ಲ," ಎನ್ನುತ್ತಿದ್ದಳು.

ಹಲಗೆಯಲ್ಲಿ ದಿನವೂ ಒಂದು ಸಾಲು ತಪ್ಪದೆ ಇರುತ್ತಿತ್ತು: "ಸಂಜೆ, ಅಮ್ಮನ ಜೊತೆ." ಸಂಜೆ ಏನೋ ಬರುತ್ತಿತ್ತು, ಅಮ್ಮ ಬರುತ್ತಿರಲಿಲ್ಲ. ಒಂದು ದಿನ ಪಂಪಿನ ಮೋಟಾರು ಸುಟ್ಟಿತು, ಇನ್ನೊಂದು ದಿನ ಒಣಗಲು ಹಾಕಿದ ಮೆಣಸಿನ ಮೇಲೆ ಮೋಡ ಬಂತು. ಕೂರಲು ಪುರುಸೊತ್ತಿಲ್ಲದ ಅಕ್ಕ ಕೊನೆಗೆ ಕೂತೇ ಮಾಡುವ ಒಂದು ಕೆಲಸವನ್ನು ಹುಡುಕಿದಳು. ಜೀಪು ಓಡಿಸುವುದು! ಅವಳು ಗುಂಡಿಯಿಂದ ಗುಂಡಿಗೆ ಜೀಪು ಹಾರಿಸುತ್ತಿದ್ದರೆ ಮಗಳು ಪಕ್ಕದ ಸೀಟಿನಲ್ಲಿ ಗಟ್ಟಿಯಾಗಿ ಓದಬೇಕು. ಹಿಂದಿನ ಸೀಟಿನಲ್ಲಿ ಒಂದು ದಿನ ನಾನೂ ಇದ್ದೆ. ಸೊಂಟ ಈಗಲೂ ಸಾಕ್ಷಿ ಹೇಳುತ್ತದೆ.

"ರಾಜಕುಮಾರನು ಏಳು ಸಮುದ್ರ ದಾಟಲು ಹೊರಟನು..."

"ಅಲ್ಲೀ ತನಕ ರಾಜ್ಯ ಯಾರು ನೋಡ್ಕೊಳ್ತಾರೆ? ತೋಟದ ಲೆಕ್ಕ ಬರೆಯೋಕೆ ಇರೋ ಹಾಗೆ ರೈಟರ್ ಇದಾನಾ?"

"ಅಮ್ಮಾ, ಕಥೆ ಕೇಳು!"

"ಕೇಳ್ತಾ ಇದೀನಿ. ಹೊರಟು ಹೋಗೋರ ಬಗ್ಗೆ ಎಲ್ರೂ ಬರೀತಾರೆ. ಮನೇಲಿ ಉಳಿಯೋರ ಬಗ್ಗೆ ಯಾರು ಬರೀತಾರೆ?"

ನಾನು ಬಿದ್ದು ಬಿದ್ದು ನಕ್ಕೆ. ಅಕ್ಕ ನಗಲಿಲ್ಲ, ಗೇರು ಬದಲಿಸಿದಳು.

ಮೇ ಕೊನೆಗೆ ತೆಳ್ಳನೆಯವೆಲ್ಲ ಮುಗಿದು ನೆರಳಿನ ದಪ್ಪ ಪುಸ್ತಕವೂ ಕರಗುತ್ತಾ ಬಂತು. ಅಕ್ಕನ ವರಸೆ ಆಗ ಬದಲಾಯಿತು. ಇಪ್ಪತ್ತು ಸೆಂಟ್ಸಿಗೆ ಮೂಗು ಮುರಿದವಳು, "ಇವತ್ತಿಗೆ ಐದು ಸಾಕು, ಕಣ್ಣು ನೋಯುತ್ತೆ," ಎನ್ನತೊಡಗಿದಳು. "ಏನಕ್ಕಾ, ಅತಿವೃಷ್ಟಿಯಾ?" ಎಂದು ಕೆಣಕಿದೆ. ಫೋನು ಇಟ್ಟಳು.

ಹಾಸ್ಟೆಲಿಗೆ ಬಿಡುವ ಕೆಲಸವೂ ನನ್ನ ಕಾರಿಗೇ ಬಂತು. ಟ್ರಂಕು ಏರಿಸಿ ಆಯಿತು, ಭಾವ ಮುಂದಿನ ಸೀಟಿನಲ್ಲಿ ಕೂತಾಯಿತು. ಮೆಣಸು ಒಯ್ಯಲು ಲಾರಿ ಬರುವುದಿತ್ತು, ಹಾಗಾಗಿ ಅಕ್ಕ ಉಳಿದಳು. ಸೊಸೆ ಆ ದಪ್ಪ ಪುಸ್ತಕವನ್ನು ತಂದು ಅವಳ ಕೈಗಿಟ್ಟಳು. ಕೊನೆಯ ಹಾಳೆಗಳ ನಡುವೆ ಒಂದು ಕಾಫಿ ಎಲೆ.

"ಕೊನೇ ಅಧ್ಯಾಯ ಉಳಿಸಿದೀನಿ ಅಮ್ಮಾ. ನೀನೊಬ್ಳೇ ಓದ್ಬಾರ್ದು. ದಸರಾ ರಜೆಗೆ ಬರ್ತೀನಲ್ಲ, ಜೀಪಲ್ಲಿ ಓದಣ."

"ನಿನ್ನೆನೇ ಮುಗಿಸ್ಬಹುದಿತ್ತಲ್ಲೇ?"

"ಬರೀ ಹೂಮಳೆ ಸಾಕಾ? ಬ್ಯಾಕಿಂಗ್ ಬೇಡ್ವಾ?"

ಅಕ್ಕ, "ಟಾರ್ಪಾಲು ಸರಿಯಾಗಿ ಕಟ್ಟಿಲ್ಲ," ಎನ್ನುತ್ತಾ ಕಾರಿನ ಹಿಂದಕ್ಕೆ ಹೋದಳು. ನನ್ನ ಕಾರಿಗೆ ಟಾರ್ಪಾಲು ಎಲ್ಲಿದೆ? ಅವಳು ಕಣ್ಣೊರೆಸಿಕೊಂಡು ಈಚೆ ಬರುವವರೆಗೆ ನಾನು ಕಾರಿನ ಗಾಜು ಒರೆಸಿದೆ.

ಮುಂದಿನ ವಾರ ಮಳೆಗಾಲ ಹಿಡಿಯಿತು. ವಾಡಿಕೆಯಂತೆ ಫೋನು ಮಾಡಿ, "ಎಷ್ಟು ಬಂತಕ್ಕಾ?" ಎಂದೆ.

"ನೋಡಿಲ್ಲ ಮಾರಾಯ."

ಜ್ವರ ಬಂದು ಮಲಗಿದ್ದಾಗಲೂ ಕೊಡೆ ಹಿಡಿದು ಹೋಗಿ ಮಳೆ ಅಳೆದು ಬಂದವಳು! ಅವಳಿಗೆ ಅನ್ನಬೇಕೆಂದು ಇಟ್ಟುಕೊಂಡಿದ್ದ ತಮಾಷೆಯನ್ನು ನುಂಗಿಕೊಂಡೆ.

"ಪುಸ್ತಕ ಜೀಪಲ್ಲಿ ಅವಳ ಸೀಟಿನ ಮೇಲೇ ಇದೆ. ತೆಗ್ದು ನೋಡಿಲ್ಲ," ಎಂದಳು ಅಕ್ಕ. ಮತ್ತೆ, "ದಸರಾ ಯಾವಾಗ? ನೋಡಿ ಹೇಳು," ಎಂದಳು.

ಗೋಡೆಯ ಕ್ಯಾಲೆಂಡರಿನ ಹಾಳೆ ಎತ್ತುತ್ತಾ ಹೋದೆ. ಜೂನ್ ಆದ ಮೇಲೆ ಜುಲೈ, ಆಮೇಲೆ ಆಗಸ್ಟ್... ಎಷ್ಟೊಂದು ಹಾಳೆಗಳು!

"ಹತ್ರಾನೇ ಇದೆ ಅಕ್ಕಾ," ಎಂದೆ.