ಅಜ್ಜಿಯ ಕೆನ್ನೆಯೊಳಗಿನ ಇಟ್ಟಿಗೆ ಗೋಡೆ

ಅಜ್ಜಿ: ತೆರೆಯಲ್ಲ ಅಂದ್ರೆ ತೆರೆಯಲ್ಲ. ಹನ್ನೊಂದು ವರ್ಷದಿಂದ ಈ ಲ್ಯಾಬಿನ ಕಸ ಗುಡಿಸ್ತಿದೀನಿ, ಗಾಜು ತೊಳೀತಿದೀನಿ. ಬಾಯಿ ತೆರೆಯೋದು ನನ್ನ ಕೆಲಸಕ್ಕೆ ಸೇರಿಲ್ಲ.

ಮೇಷ್ಟ್ರು: ಎರಡೇ ನಿಮಿಷ ಅಜ್ಜಿ. ಹಲ್ಲಿಗೆ ಕೈ ಹಾಕಲ್ಲ.

ಅಜ್ಜಿ: ಹಾಕೋಕೆ ಹಲ್ಲಿದ್ರೆ ತಾನೇ!

ಮೇಷ್ಟ್ರು: ಕೆನ್ನೆ ಒಳಗಡೆ ಈ ಕಡ್ಡಿಯಿಂದ ಒಂಚೂರು ಕೆರೀತೀನಿ, ಅಷ್ಟೇ. ಜೀವಕೋಶ ಸಿಗುತ್ತೆ.

ಅಜ್ಜಿ: ನಿಮ್ಮ ಕೆನ್ನೆಗೇನು ಬಂದಿದೆ?

ಮೇಷ್ಟ್ರು: ಬಾಯಿ ತುಂಬ ಹುಣ್ಣು. ಮಕ್ಕಳ ಕೆನ್ನೆ ಕೆರೆಯೋಣ ಅಂದ್ರೆ ಶಾಲೆಗೆ ರಜ. ಹನ್ನೊಂದು ಗಂಟೆಗೆ ತಪಾಸಣೆ ಮೇಡಂ ಬರ್ತಾರೆ. ಒಂದು ಗಿಡದ ಕೋಶ, ಒಂದು ಪ್ರಾಣಿ ಕೋಶ ತೋರಿಸಲೇಬೇಕು. ಗಿಡದ್ದು ಆಯ್ತು, ಬೆಳಿಗ್ಗೆ ನೀವು ಕೊಟ್ರಲ್ಲ ಈರುಳ್ಳಿ, ಅದರ ಪೊರೆ.

ಅಜ್ಜಿ: ಪ್ರಾಣಿ ನಾನಾ?

ಮೇಷ್ಟ್ರು: ವಿಜ್ಞಾನದ ಪ್ರಕಾರ ನಾನೂ ಪ್ರಾಣಿನೇ ಅಜ್ಜಿ.

ಅಜ್ಜಿ: ನಿಮ್ಮ ವಿಷಯ ನಿಮಗೇ ಗೊತ್ತು.

ಅಷ್ಟು ಹೇಳಿ ಅಜ್ಜಿ ಬಾಯಿ ತೆರೆದಳು. ಮೇಷ್ಟ್ರು ಕೆರೆದು, ಗಾಜಿನ ಪಟ್ಟಿಯ ಮೇಲೆ ಸವರಿ, ನೀಲಿ ಬಣ್ಣದ ಒಂದು ತೊಟ್ಟು ಬಿಟ್ಟು, ಮೇಲೊಂದು ತೆಳು ಗಾಜು ಮುಚ್ಚಿದರು. ಬೆಳಕು ಚೆನ್ನಾಗಿ ಬೀಳಲೆಂದು ದೊಡ್ಡ ಮೈಕ್ರೋಸ್ಕೋಪನ್ನು ಕಿಟಕಿಯ ಪಕ್ಕಕ್ಕೆ ತಂದು, ಅಜ್ಜಿಯ ಗಾಜನ್ನು ಅದರಡಿಯಲ್ಲಿಟ್ಟರು. ಅದೇ ನೀಲಿ ಬಣ್ಣ ಹಾಕಿದ್ದ ಈರುಳ್ಳಿಯ ಗಾಜನ್ನು ಗೋಡೆಯ ಪಕ್ಕದ ಚಿಕ್ಕದರಲ್ಲಿಟ್ಟು ಕೈ ತೊಳೆಯಲು ಹೋದರು.

ಅಜ್ಜಿ ಒರೆಸುವ ಬಟ್ಟೆ ಹಿಡಿದು ಬಂದವಳು ಮೇಜನ್ನು ನೋಡಿ ಲೊಚಗುಟ್ಟಿದಳು. ದೊಡ್ಡದು ಗೋಡೆ ಪಕ್ಕ, ಚಿಕ್ಕದು ಕಿಟಕಿ ಪಕ್ಕ. ಕೆಲಸಕ್ಕೆ ಸೇರಿದ ಮೊದಲ ದಿನ ಮೇಷ್ಟ್ರು ಹೇಳಿದ ಮಾತು ಅದು. ಅವರೇ ಮರೆತರೂ ಅಜ್ಜಿ ಮರೆತಿರಲಿಲ್ಲ. ಒಂದು ಕೈ ಬುಡಕ್ಕೆ, ಒಂದು ಕೈ ಕುತ್ತಿಗೆಗೆ ಕೊಟ್ಟು, ಎಳೆಗೂಸನ್ನು ಎತ್ತಿದಂತೆ ಎತ್ತಿ, ಒಳಗಿನ ಗಾಜು ಕೂದಲೆಳೆಯಷ್ಟೂ ಅಲುಗದ ಹಾಗೆ ಎರಡನ್ನೂ ಅವವುಗಳ ಜಾಗಕ್ಕೆ ಸೇರಿಸಿದಳು.

ಮೇಷ್ಟ್ರು ಬಂದು ಕಡತದೊಳಗೆ ತಲೆ ಹುದುಗಿಸಿ ಕೂತರು.

ಮೇಷ್ಟ್ರು: ಕಿಟಕಿ ಪಕ್ಕದ್ದು ನಿಮ್ಮದು, ಗೋಡೆ ಪಕ್ಕದ್ದು ಈರುಳ್ಳಿದು. ಕೆನ್ನೆ ಕೊಟ್ಟಿದೀರಿ, ಒಂದ್ಸಲ ನೋಡಿಬಿಡಿ.

ಹನ್ನೊಂದು ವರ್ಷ ಒರೆಸಿದ್ದಳೇ ಹೊರತು ಒಂದು ದಿನವೂ ಇಣುಕಿರಲಿಲ್ಲ. ಅಜ್ಜಿ ಕಿಟಕಿ ಪಕ್ಕದ್ದಕ್ಕೆ ಬಗ್ಗಿ ಕಣ್ಣು ಕೊಟ್ಟಳು.

ಅಜ್ಜಿ: ಪೊದೆ ಕಾಣ್ತಿದೆ.

ಮೇಷ್ಟ್ರು: ಅದು ನಿಮ್ಮ ರೆಪ್ಪೆ. ಪಕ್ಕದ ತಿರುಪು ನಿಧಾನಕ್ಕೆ ತಿರುಗಿಸಿ.

ಅಜ್ಜಿ ತಿರುಗಿಸಿದಳು. ತಿರುಗಿಸುತ್ತಿದ್ದವಳು ನಿಲ್ಲಿಸಿದಳು.

ಅಜ್ಜಿ: ಮೇಷ್ಟ್ರೇ, ಇದು ನಮ್ಮನೆಯವರ ಕೈ.

ಮೇಷ್ಟ್ರು: ಕೈ ಅಲ್ಲ ಅಜ್ಜಿ, ಕೆನ್ನೆ.

ಅಜ್ಜಿ: ಕೈಕೆಲಸ ಅಂದೆ. ಇಟ್ಟಿಗೆ ಗೋಡೆ! ವರಸೆ ಮೇಲೆ ವರಸೆ, ದಾರ ಹಿಡಿದ ಹಾಗಿದೆ. ಸಂದಿನ ಮೇಲೆ ಸಂದು ಬಿದ್ದಿಲ್ಲ. ಇಪ್ಪತ್ತೆರಡು ವರ್ಷ ಅವರ ಹಿಂದೆ ಇಟ್ಟಿಗೆ ಹೊತ್ತೋಳು ನಾನು, ನನಗೆ ಗೊತ್ತಾಗಲ್ವಾ?

ಮೇಷ್ಟ್ರು (ಬರೆಯುತ್ತಲೇ): ಹ್ಞೂಂ, ಹ್ಞೂಂ.

ಅಜ್ಜಿ: ಹೆಬ್ಬೆಟ್ಟೂ ಇದೆ! ಒಂದೊಂದು ಇಟ್ಟಿಗೆ ಕೂರಿಸಿದ ಮೇಲೂ ಹಸಿ ಗಾರೆಗೆ ಹೆಬ್ಬೆಟ್ಟು ಒತ್ತೋರು. ಉಳಿದ ಗಾರೆಯವರೆಲ್ಲ ನಗೋರು. ಇಲ್ಲಿ ನೋಡಿ, ಇಟ್ಟಿಗೆಗೊಂದು ಚುಕ್ಕಿ, ಒಂದನ್ನೂ ಬಿಟ್ಟಿಲ್ಲ.

ಮೇಷ್ಟ್ರು: ಅದು ಕೋಶಕೇಂದ್ರ. ಕೋಶದ ಯಜಮಾನ.

ಅಜ್ಜಿ: ಅದನ್ನೇ ನಾನೂ ಹೇಳ್ತಿರೋದು. ಯಜಮಾನರದ್ದೇ!

ಅಜ್ಜಿ ಬೆನ್ನು ನೆಟ್ಟಗೆ ಮಾಡಿ ಕಣ್ಣೊರೆಸಿಕೊಂಡಳು. ಗಂಡ ಹೋಗಿ ಆರು ವರ್ಷ. ಅವನು ಕಟ್ಟಿದ ಗೋಡೆಗಳಿಗೆಲ್ಲ ಮೇಲೆ ಗಾರೆ ಬಳಿದು ಸುಣ್ಣ ಹೊಡೆದಿದ್ದರು. ಒಂದು ಇಟ್ಟಿಗೆಯೂ ಕಣ್ಣಿಗೆ ಬೀಳುತ್ತಿರಲಿಲ್ಲ. ಬಳಿಯದೆ ಉಳಿದದ್ದು ಮನೆಯ ಹಿತ್ತಲಿನ ಗೋಡೆಯೊಂದೇ.

ಅಜ್ಜಿ: ಈ ಗಾಜು ಸಾಯಂಕಾಲ ನಾನು ತೊಳೆಯಲ್ಲ. ಮನೆಗೆ ತಗೊಂಡು ಹೋಗ್ತೀನಿ.

ಮೇಷ್ಟ್ರು: ಶಾಲೆ ಗಾಜು ಅಜ್ಜಿ, ಮನೆಗೆ ಹೇಗೆ ಕೊಡಲಿ? ದಿನಾ ಸಾಯಂಕಾಲ ಎಲ್ಲ ಗಾಜೂ ತೊಳೀಬೇಕು. ಅದು ನಿಯಮ.

ಅಜ್ಜಿ: ಅವರು ಕಟ್ಟಿದ್ದನ್ನ ನನ್ನ ಕೈಯಿಂದಲೇ ತೊಳೆಸ್ತೀರಾ?

ಮೇಷ್ಟ್ರು: ಅಲ್ಲಿ ಯಾರೂ ಏನೂ ಕಟ್ಟಿಲ್ಲ. ಪ್ರಾಣಿ ಕೋಶಕ್ಕೆ ಗೋಡೆನೇ ಇರಲ್ಲ. ತೆಳು ಪೊರೆ ಮಾತ್ರ. ಗೋಡೆ ಇರೋದು ಗಿಡಗಳಿಗೆ.

ಅಜ್ಜಿ: ನನ್ನದಕ್ಕಿದೆ. ಬಂದು ನೋಡಿ.

ಮೇಷ್ಟ್ರು ಗೊಣಗುತ್ತ ಎದ್ದು ಬಂದರು, ಯಾವ ಯಂತ್ರ ಎಂದೂ ನೋಡದೆ ಬಗ್ಗಿದರು. ಬಗ್ಗಿದವರು ಬಾಗಿದ ಮೊಳೆಯಂತೆ ಹಾಗೇ ಉಳಿದರು.

ಮೇಷ್ಟ್ರು: ಗೋಡೆ ಇದೆ! ಅಜ್ಜಿ, ಗಾಜು ಅದಲು ಬದಲು ಮಾಡಿದ್ರಾ?

ಅಜ್ಜಿ: ಗಾಜನ್ನ ಬೆರಳಲ್ಲೂ ಮುಟ್ಟಿಲ್ಲ.

ಮೇಷ್ಟ್ರು: ನನ್ನ ಕೈಯಲ್ಲಂತೂ ಹತ್ತೊಂಬತ್ತು ವರ್ಷದಲ್ಲಿ ಒಂದು ಗಾಜೂ ಅದಲು ಬದಲಾಗಿಲ್ಲ. ಕಿಟಕಿ ಪಕ್ಕ ಇಟ್ಟೋನು ನಾನೇ. ಹಾಗಿದ್ದ ಮೇಲೆ...

ಅವರು ಅಜ್ಜಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಮೇಷ್ಟ್ರು: ಅಜ್ಜಿ, ನೀವು ಗಿಡ.

ಅಜ್ಜಿ: ಆಗಲೇ ಪ್ರಾಣಿ ಅಂದ್ರಿ?

ಮೇಷ್ಟ್ರು: ಆಗ ನೋಡಿರಲಿಲ್ಲ. ಈಗ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳಿ. ಬಿಸಿಲಲ್ಲಿ ಕೂತ್ರೆ ಹೇಗನ್ನಿಸುತ್ತೆ?

ಅಜ್ಜಿ: ಹಾಯಾಗಿರುತ್ತೆ.

ಮೇಷ್ಟ್ರು (ಬರೆದುಕೊಳ್ಳುತ್ತ): ಹಾಯಾಗಿರುತ್ತೆ! ನೀರು?

ಅಜ್ಜಿ: ಬೆಳಿಗ್ಗೆ ಒಂದು ಚೊಂಬು, ಸಾಯಂಕಾಲ ಒಂದು ಚೊಂಬು.

ಮೇಷ್ಟ್ರು: ಗಿಡಕ್ಕೂ ಅಷ್ಟೇ ಹಾಕೋದು! ಊಟ?

ಅಜ್ಜಿ: ಕಮ್ಮಿ.

ಮೇಷ್ಟ್ರು: ನೋಡಿದ್ರಾ!

ಅಜ್ಜಿ: ಹಲ್ಲಿಲ್ಲದ್ದಕ್ಕೆ ಕಮ್ಮಿ.

ಮೇಷ್ಟ್ರು: ಒಂದೇ ಕಡೆ ಬಹಳ ಹೊತ್ತು ನಿಂತಿರ್ತೀರಾ?

ಅಜ್ಜಿ: ಹ್ಞೂಂ, ಗಾಜು ತೊಳೆಯುವಾಗ. ತೊಟ್ಟಿ ಹತ್ತಿರ.

ಮೇಷ್ಟ್ರು: ನೀರಿನ ಹತ್ತಿರ!

ಮೇಷ್ಟ್ರು ಪೆನ್ನು ಕೆಳಗಿಟ್ಟರು. ಓಡಿಹೋಗಿ ಗೋಡೆ ಪಕ್ಕದ ಯಂತ್ರಕ್ಕೂ ಕಣ್ಣಿಟ್ಟು ಕಿರುಚಿಕೊಂಡರು.

ಮೇಷ್ಟ್ರು: ಈರುಳ್ಳಿಗೆ ಗೋಡೆ ಇಲ್ಲ!

ಅಜ್ಜಿ (ತಾನೂ ಇಣುಕಿ): ಅಯ್ಯೋ, ಒಗೆಯೋಕೆ ಎಸೆದ ಬಟ್ಟೆ ಹಾಗೆ ಚೆಲ್ಲಾಪಿಲ್ಲಿ ಬಿದ್ದಿದೆ. ಹೊರಗಿಂದ ನೋಡೋಕೆ ಎಷ್ಟು ಗುಂಡಗಿತ್ತು ಪಾಪ.

ಮೇಷ್ಟ್ರು: ಅಜ್ಜಿ, ನಿಮ್ಮ ಗಾಜು ಇನ್ನು ನಿಮಗೂ ಇಲ್ಲ, ಶಾಲೆಗೂ ಇಲ್ಲ. ದೊಡ್ಡ ದೊಡ್ಡ ಲ್ಯಾಬಿಗೆಲ್ಲ ಹೋಗುತ್ತೆ!

ಅಜ್ಜಿ: ಹೋಗೋದೆಲ್ಲಿಗೆ? ಆರು ವರ್ಷಕ್ಕೆ ಸಿಕ್ಕಿದಾರೆ, ಬಿಟ್ಟುಕೊಡ್ತೀನಾ?

ಅಜ್ಜಿ ಕಿಟಕಿ ಪಕ್ಕಕ್ಕೆ ಹೋಗಿ ಎರಡು ತೋಳುಗಳಿಂದ ಚಿಕ್ಕ ಯಂತ್ರವನ್ನು ತಬ್ಬಿ ನಿಂತಳು. ಮೇಷ್ಟ್ರು ಅದರ ಬುಡ ಹಿಡಿದರು. ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ತಪಾಸಣೆ ಮೇಡಂ. ಕೈಯಲ್ಲಿ ಫೈಲು, ಮುಖದಲ್ಲಿ ಏನೂ ಇಲ್ಲ.

ಮೇಡಂ: ಏನು ನಡೀತಿದೆ ಇಲ್ಲಿ?

ಮೇಷ್ಟ್ರು: ಮೇಡಂ, ಮೊದಲು ಕೂತ್ಕೊಳ್ಳಿ. ಈ ಅಜ್ಜಿ ಗಿಡ.

ಮೇಡಂ: ಯಾವ ಗಿಡ?

ಮೇಷ್ಟ್ರು: ಅದನ್ನ ಇನ್ನೂ ಕಂಡುಹಿಡೀಬೇಕು.

ಮೇಡಂ ಕೂರಲಿಲ್ಲ. ಅಜ್ಜಿಯ ತೋಳನ್ನು ಮೆಲ್ಲಗೆ ಸರಿಸಿ ಕಿಟಕಿ ಪಕ್ಕದ್ದರಲ್ಲಿ ನೋಡಿದರು. ಆಮೇಲೆ ಗೋಡೆ ಪಕ್ಕದ್ದರಲ್ಲಿ ನೋಡಿದರು.

ಮೇಡಂ: ಆ ಕಿಟಕಿ ಹತ್ತಿರದ್ದು ಈರುಳ್ಳಿ. ಇಲ್ಲಿರೋದು ಕೆನ್ನೆ.

ಮೇಷ್ಟ್ರು: ಸಾಧ್ಯವೇ ಇಲ್ಲ ಮೇಡಂ! ಇಟ್ಟೋನು ನಾನು.

ಮೇಡಂ: ಈ ಯಂತ್ರಗಳನ್ನ ಆಮೇಲೆ ಯಾರಾದ್ರೂ ಮುಟ್ಟಿದ್ರಾ?

ಕೆಲಸವನ್ನು ಯಾರಾದರೂ ಗಮನಿಸಿದರೆ ಅಜ್ಜಿಗೆ ಹಿಗ್ಗು. ಮುಂದೆ ಬಂದಳು.

ಅಜ್ಜಿ: ನಾನು ಮೇಡಂ. ದೊಡ್ಡದು ಗೋಡೆ ಪಕ್ಕ, ಚಿಕ್ಕದು ಕಿಟಕಿ ಪಕ್ಕ. ಹನ್ನೊಂದು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ. ಇವತ್ತು ಇವರು ಹಿಂದುಮುಂದು ಇಟ್ಟಿದ್ರು, ನಾನೇ ಸರಿ ಮಾಡಿದೆ. ಒಳಗಿನ ಗಾಜು ಅಲುಗಾಡಲೂ ಇಲ್ಲ.

ಮೇಷ್ಟ್ರು ಸ್ಟೂಲಿನ ಮೇಲೆ ಕುಸಿದು ಕೂತರು. ಹತ್ತೊಂಬತ್ತು ವರ್ಷದ ಹೆಮ್ಮೆ ಒಂದೇ ಏಟಿಗೆ ನೆಲಕ್ಕೆ ಬಿದ್ದಿತ್ತು. ಅಜ್ಜಿಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ಅಜ್ಜಿ: ಹಾಗಾದ್ರೆ, ಚೆಲ್ಲಾಪಿಲ್ಲಿ ಬಿದ್ದಿರೋದು ನಾನು.

ಮೇಡಂ: ಕೆನ್ನೆ ಕೋಶ ಎಲ್ಲರದ್ದೂ ಹಾಗೇ ಇರುತ್ತೆ ಅಜ್ಜಿ. ನಿಮ್ಮವು ಬಹಳ ಚೆನ್ನಾಗಿವೆ.

ಅಜ್ಜಿ: ಗೋಡೆ ಈರುಳ್ಳಿದು.

ಮೇಡಂ: ಹೌದು.

ಅಜ್ಜಿ ಕಿಟಕಿಯಾಚೆ ನೋಡುತ್ತ ನಿಂತಳು. ಮೇಷ್ಟ್ರಿಗೆ ಏನನ್ನಿಸಿತೋ, ಎದ್ದು ಬಂದು ಸ್ಟೂಲನ್ನು ಅವಳ ಕಡೆಗೆ ತಳ್ಳಿದರು. ಅವಳು ಕೂರಲಿಲ್ಲ. ಥಟ್ಟನೆ ತಿರುಗಿದಳು.

ಅಜ್ಜಿ: ಮೇಷ್ಟ್ರೇ, ಆ ಈರುಳ್ಳಿ ನಮ್ಮ ಹಿತ್ತಲದ್ದು.

ಮೇಷ್ಟ್ರು: ಅದಕ್ಕೇನೀಗ?

ಅಜ್ಜಿ: ಹಿತ್ತಲ ಗೋಡೆ ಬುಡದಲ್ಲೇ ಪಾತಿ. ಅವರೇ ಕಟ್ಟಿದ ಗೋಡೆ. ನಾಲ್ಕು ತಿಂಗಳು ಅದನ್ನೇ ನೋಡ್ಕೊಂಡು ಬೆಳೆದಿದೆ. ಇನ್ನೇನು ಕಲಿಯುತ್ತೆ ಅದು?

ಮೇಡಂ: ಅಜ್ಜಿ, ಎಲ್ಲ ಈರುಳ್ಳಿಯಲ್ಲೂ ಗೋಡೆ ಹೀಗೇ ಇರುತ್ತೆ.

ಅಜ್ಜಿ: ಹೆಬ್ಬೆಟ್ಟು?

ಮೇಡಂ: ಆ ಚುಕ್ಕಿನಾ? ಅದೂ ಇರುತ್ತೆ, ಪ್ರತಿ ಕೋಶದಲ್ಲೂ.

ಅಜ್ಜಿ: ನೋಡಿ ಮತ್ತೆ! ಎಷ್ಟು ಕಡೆ ಕೆಲಸ ಮಾಡಿದಾರೆ. ಮನೇಲಿ ಒಂದು ಮಾತೂ ಹೇಳಿರಲಿಲ್ಲ.

ಮೇಡಂ ಅಜ್ಜಿಯ ಮುಖ ನೋಡಿ, ಫೈಲಿನಲ್ಲಿ ‘ಎರಡೂ ಕೋಶ ಸ್ಪಷ್ಟ’ ಎಂದು ಬರೆದು ಸಹಿ ಹಾಕಿ ಹೊರಟುಹೋದರು.

ಅಜ್ಜಿ ಕಿಟಕಿ ಪಕ್ಕದ ಗಾಜನ್ನು ತೆಗೆದು ತೊಟ್ಟಿಗೆ ನಡೆದಳು, ನಲ್ಲಿ ತಿರುಗಿಸಿದಳು. ನೀಲಿ ನೀರು ಹರಿದುಹೋಯಿತು.

ಮೇಷ್ಟ್ರು: ಅಯ್ಯೋ, ತೊಳೆಯಲ್ಲ ಅಂದಿದ್ರಿ!

ಅಜ್ಜಿ: ಈಗ್ಯಾಕೆ ಇಟ್ಕೊಳ್ಳಲಿ? ಮನೇಲಿ ಒಂದು ಬುಟ್ಟಿ ತುಂಬ ಇದೆ.

ತೊಳೆದ ಗಾಜನ್ನು ಬೆಳಕಿಗೆ ಹಿಡಿದು ನೋಡಿ, ಒರೆಸಿ, ಅದರ ಜಾಗದಲ್ಲಿಟ್ಟಳು. ಮೇಷ್ಟ್ರು ಬಾಗಿಲ ಕಡೆ ಒಮ್ಮೆ ಇಣುಕಿ, ಯಾರೂ ಇಲ್ಲವೆಂದು ಗಟ್ಟಿ ಮಾಡಿಕೊಂಡು, ತೊಟ್ಟಿಯ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು.

ಮೇಷ್ಟ್ರು: ಅಜ್ಜಿ, ಆ ಹಿತ್ತಲ ಗೋಡೆ ಬುಡದಲ್ಲಿ ಇನ್ನೂ ಏನೇನು ಬೆಳೆದಿದೆ?