ಮಿಲಿಟರಿ ಹೋಟೆಲ್ ಇಟ್ಟ ನಾದಿನಿ

ಮೊಟ್ಟೆ ಹಾಕಿದ ಕೇಕನ್ನು ಕಣ್ಣೆತ್ತಿಯೂ ನೋಡದ ನನ್ನ ನಾದಿನಿ, ಲಿಂಗಪೂಜೆ ಮುಗಿಯದೆ ಕಾಫಿ ಕೂಡ ಕುಡಿಯದವಳು, ಉಪ್ಪಾರಹಳ್ಳಿಯ ನಮ್ಮ ಮನೆಯ ಡೈನಿಂಗ್ ಟೇಬಲ್ ಮೇಲೆ ಮಿಲಿಟರಿ ಹೋಟೆಲ್ ಇಟ್ಟಿದ್ದಾಳೆ. ನಂಬುತ್ತೀರಾ? ಗಿರಾಕಿಗಳು ಗುಲಗಂಜಿ ಹುಳುಗಳು. ಕೆಂಪು ಬೆನ್ನು, ಕಪ್ಪು ಚುಕ್ಕಿಯ ಆ ಚೆಲುವೆಯರನ್ನು ಕಾನ್ವೆಂಟಿನಲ್ಲಿ ನಾವು ಲೇಡಿಬರ್ಡ್ ಎನ್ನುತ್ತಿದ್ದೆವು. ಲೇಡಿಯಂತೆ ಲೇಡಿ! ಮೆನುವಿನಲ್ಲಿರುವುದು ಒಂದೇ ಐಟಂ: ಗಿಡದ ಹೇನು, ಜೀವಂತ.

ಗುಬ್ಬಿಯಲ್ಲಿ ಸೈನ್ಸ್ ಟೀಚರಾಗಿದ್ದು ರಿಟೈರ್ ಆಗಿ ಕುಣಿಗಲ್ ಸೇರಿದ ಮೇಲೆ ಅವಳಿಗೆ ಹತ್ತಿದ ಹುಚ್ಚು ಇದು. ಹುಳು ಸಾಕುವುದು, ಬೆಳೆದ ಮೇಲೆ ಕಂಡವರ ತೋಟಕ್ಕೆ ಬಿಡುವುದು. ನಮ್ಮ ಯಜಮಾನರು ತೀರಿಕೊಂಡ ಮೇಲೆ ನನಗೆ ಅನ್ನ ಸೇರುತ್ತಿರಲಿಲ್ಲ. ಒಂದು ತುತ್ತಿಗೇ ತಟ್ಟೆ ಸರಿಸುತ್ತಿದ್ದೇನೆಂಬ ಸುದ್ದಿ ಮುಟ್ಟಿದ್ದೇ ತಡ, ಕುಣಿಗಲ್‌ನಿಂದ ಬಂದಿಳಿದಳು. ಕೈಯಲ್ಲಿ ಪುಟ್ಟ ಸೂಟ್‌ಕೇಸು, ಕಂಕುಳಲ್ಲಿ ದೊಡ್ಡ ಬುಟ್ಟಿ ತುಂಬ ಹುಳದ ಬಾಟಲಿಗಳು!

"ಅತ್ತಿಗೆ, ನಿಮ್ಮ ಟೀ ಕಪ್ಪುಗಳು ಬೇಕು."

"ಬೋನ್ ಚೈನಾ ಕಣೇ ಅದು!"

"ಮರಿಗಳನ್ನ ಒಟ್ಟಿಗೆ ಬಿಟ್ರೆ ಹಸಿವಾದಾಗ ಒಂದನ್ನೊಂದು ತಿಂದ್ಬಿಡ್ತವೆ. ಒಂದೊಂದಕ್ಕೂ ಬೇರೆ ಬೇರೆ ರೂಮ್ ಬೇಕು."

ಟೇಬಲ್ ಮ್ಯಾನರ್ಸ್ ತಪ್ಪಿದರೆ ಬೆರಳ ಗೆಣ್ಣಿಗೆ ಸ್ಕೇಲಿನಲ್ಲಿ ಕೊಡುತ್ತಿದ್ದ ನಮ್ಮ ಕಾನ್ವೆಂಟ್ ಸಿಸ್ಟರ್ ಇದನ್ನು ಕೇಳಬೇಕಿತ್ತು! ಅಂದಿನಿಂದ ನನಗೆ ಸ್ಟೀಲ್ ಲೋಟ, ಆ ಲೇಡಿಗಳಿಗೆ ಬೋನ್ ಚೈನಾ.

ಮೊದಲು ಬಡಿಸಿದ್ದು ಹಿತ್ತಲ ಕಣಗಿಲೆ ಗಿಡದ ಹಳದಿ ಹೇನು. ದಿನಾ ಪೂಜೆಗೆ ಹೂ ಕೊಯ್ಯುವ ಗಿಡ, ಶಿವನಿಗೆ ಪ್ರಿಯ. ಅದರ ಹೇನೂ ಪ್ರಸಾದಕ್ಕೆ ಸಮ ಎಂದು ಇವಳ ಎಣಿಕೆ. "ಸಾತ್ವಿಕ ನಾನ್‌ವೆಜ್ಜು ಅತ್ತಿಗೆ!" ಮರಿಗಳು ತಿಂದವು. ತಿಂದರೂ ಬೆಳೆಯಲಿಲ್ಲ. ಸೊರಗಿ ಸೊರಗಿ, ಕಪ್ಪಿನ ತಳದಲ್ಲಿ ಒಂದೊಂದೇ ಮಗುಚಿಕೊಂಡವು.

"ಡೈರೆಕ್ಟಾಗಿ ಕೈಲಾಸ," ಎಂದೆ. ಅವಳು ನಗಲಿಲ್ಲ.

"ಕಣಗಿಲೆ ವಿಷ, ಅದರ ರಸ ಕುಡಿದ ಹೇನೂ ವಿಷಾನೇ. ಆ ಗಿಡ ಮುಟ್ಟಿದ ಕೈ ಬಾಯಿಗಿಡಬೇಡ್ರೋ ಅಂತ ಮಕ್ಕಳಿಗೆ ಅರಚ್ಕೊಂಡೋಳು ನಾನೇ! ಭಕ್ತಿ ಬಂದಾಗ ಸೈನ್ಸ್ ಎಲ್ಲೋಯ್ತು?"

ಮರುದಿನವೇ ಬೆಳ್ಳಾವಿಗೆ ಹೋಗಿ, ಯಾರದೋ ಅವರೆ ಹೊಲದಿಂದ ಹೇನು ಮುತ್ತಿದ ಕೊಂಬೆಗಳನ್ನು ಕೇಳಿ ತಂದಳು. ಬಸ್ಸಿನಲ್ಲಿ ಪಕ್ಕದ ಹೆಂಗಸು ಹೌಹಾರಿದಳಂತೆ.

"ಅಯ್ಯೋ, ಬರೀ ಹೇನು ಹತ್ತೈತಲ್ಲವ್ವ! ಆಚೆಗೆ ಬಿಸಾಕ್ ಬುಡು!"

"ಬಿಸಾಕಿದ್ರೆ ಮನೇಲಿ ಮಕ್ಳು ಉಪವಾಸ ಕಣವ್ವ!"

ಆ ತಾಯಿ ಎದ್ದು ಹಿಂದಿನ ಸೀಟಿಗೆ ಹೋದಳಂತೆ. ಹೋಗದೆ ಇನ್ನೇನು!

ಅವರೆಯ ಹೇನು ಉಳಿದ ಮರಿಗಳಿಗೆ ಒಗ್ಗಿತು. ಮೈ ಕೈ ತುಂಬಿಕೊಂಡವು, ಕಪ್ಪಿಗೆ ಅಂಟಿಕೊಂಡು ಪ್ಯೂಪಾ ಆದವು. ಒಂದು ಬೆಳಿಗ್ಗೆ ಸಿಪ್ಪೆ ಸೀಳಿ ಮೊದಲ ಹುಳು ಹೊರಬಂತು. ಚುಕ್ಕಿಯೇ ಇಲ್ಲದ ಪೇಲವ ಹಳದಿ! ನಾವಿಬ್ಬರೂ ಕಪ್ಪಿನ ಮೇಲೆ ತಲೆಗೆ ತಲೆ ತಾಗಿಸಿ ಕೂತೆವು. ಬಿಸಿಲೇರುವ ಹೊತ್ತಿಗೆ ಮೆಲ್ಲಗೆ ಚುಕ್ಕಿಗಳು ಮೂಡಿದವು.

ಆಮೇಲೆ ಅವಳು ನನ್ನ ಮುಂದೊಂದು ಬಟ್ಟಲಿಟ್ಟು, ಗಲ್ಲಕ್ಕೆ ಕೈಕೊಟ್ಟು ಎದುರಿಗೆ ಕೂತಳು. ಮೊನ್ನೆ ಶಾವಿಗೆ, ನಿನ್ನೆ ಅಕ್ಕಿರೊಟ್ಟಿ, ಇವತ್ತು ರಾಗಿ ಅಂಬಲಿ.

"ಲಾರ್ವಾ ನೋಡೋ ಹಾಗೆ ನೋಡ್ತೀಯಲ್ಲೇ ನನ್ನ!" ಎಂದು ರೇಗಿಸಿದೆ.

"ಅವಕ್ಕೆ ಯಾವ್ದು ಒಗ್ಗುತ್ತೆ ಅಂತ ಕಂಡ್ಕೊಂಡೆ. ನಿಮಗೆ ಯಾವ್ದು ಅಂತ ಗೊತ್ತಾಗ್ತಿಲ್ವಲ್ಲ ಅತ್ತಿಗೆ." ಬಟ್ಟಲನ್ನು ಇನ್ನಷ್ಟು ನನ್ನತ್ತ ಸರಿಸಿದಳು. "ಅಣ್ಣ ಹೋದ. ನೀವೂ ಹೊರಟ್ಬಿಟ್ರೆ ನಾನ್ಯಾರ ಹತ್ರ ಜಗಳ ಆಡ್ಲಿ?"

ಅಂಬಲಿ ಆರಿ ತಣ್ಣಗಾಗಿತ್ತು. ಉಪ್ಪು ಬೇರೆ ಜಾಸ್ತಿ. ಪೂರ್ತಿ ಕುಡಿದೆ.

"ಇನ್ನೊಂದು ಸೌಟು ಹಾಕೇ," ಎಂದೆ.