ಬಲೂನು ಹಾರಿಸಿದ ನಗು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಬಲೂನು. ಅದೂ ನಿಜವಾದದ್ದಲ್ಲ, ಪರದೆಯ ಮೇಲಿನದು. ಎದುರಿಗೆ ಕೂತ ಮಗು ನಕ್ಕರೆ ಕ್ಯಾಮೆರಾ ಮುಖ ನೋಡಿ ಅದನ್ನು ಮೇಲೇರಿಸುತ್ತದೆ, ಸಪ್ಪೆ ಮೋರೆ ಹಾಕಿದರೆ ಇಳಿಸುತ್ತದೆ. ಆಟಿಸಂ ಇರುವ ಮಕ್ಕಳಿಗೆ ಭಾವನೆ ಗುರುತಿಸಲು ಕಲಿಸುವ ಆಟವಂತೆ. ದರ್ಜಿಯ ಮಗಳು ಗುಬ್ಬಿ ಆರು ತಿಂಗಳಿಂದ ಆಡುತ್ತಿದ್ದರೂ ಬಲೂನು ಗೇಣುದ್ದವೂ ಎದ್ದಿರಲಿಲ್ಲ. ಖುಷಿಯಾದರೆ ಅವಳು ನಗುವುದಿಲ್ಲ, ಎರಡೂ ಕೈ ಪಟಪಟ ಬಡಿಯುತ್ತಾಳೆ. ಆ ಖುಷಿ ಕ್ಯಾಮೆರಾಕ್ಕೆ ಖುಷಿಯೇ ಅಲ್ಲ, ಅದರ ಬುದ್ಧಿಗಿಷ್ಟು ಬೆಂಕಿ ಹಾಕ!

ಆದರೂ ಗುಬ್ಬಿ ತಾನಾಗಿ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದುದು ಆ ಆಟ ಆಡಿಸುವ ತರಬೇತಿ ಕೇಂದ್ರ ಒಂದಕ್ಕೇ. ಇವತ್ತು ಪರೀಕ್ಷೆ. ಪ್ರಗತಿ ಕಾಣದಿದ್ದರೆ ಸೀಟು ಬೇರೆ ಮಗುವಿಗೆ. ಆ ದಿಗಿಲಿನಲ್ಲಿ ದರ್ಜಿ ಬೆಳಗ್ಗೆ ಯಾರದೋ ಕೋಟಿಗೆ ಎರಡೂ ಕಡೆ ಎಡಗೈ ತೋಳನ್ನೇ ಹೊಲಿದಿಟ್ಟು ಬಂದಿದ್ದ.

ಪಕ್ಕದ ಮನೆಯ ದೊಡ್ಡಮ್ಮ ಕರೆಯದೆಯೇ ಜೊತೆಗೆ ಬಂದಿದ್ದರು. "ಅಪ್ಪ ನಕ್ರೆ ತಾನೇ ಮಗು ನಗೋದು? ಸಾವಿನ ಮನೆಗೆ ಬಂದೋನ ಥರ ನಿಂತಿದೀಯಲ್ಲೋ! ಪಕ್ಕದಲ್ಲಿ ಕೂತ್ಕೊಂಡು ಹಲ್ಲು ಬಿಡು."

ದರ್ಜಿ ಕೂತು ಹಲ್ಲು ಬಿಟ್ಟ. ಗುಬ್ಬಿ ತಲೆ ತಗ್ಗಿಸಿ ಅಪ್ಪನ ಅಂಗಿಯ ಗುಂಡಿ ತಿರುಗಿಸುತ್ತಿದ್ದಳು. ಅಷ್ಟರಲ್ಲಿ ಬಲೂನು ಅಲುಗಿತು, ಎದ್ದಿತು! ದರ್ಜಿಗೆ ಹೊಳೆಯಿತು, ಕ್ಯಾಮೆರಾ ನೋಡುತ್ತಿರುವುದು ತನ್ನ ಮೋರೆಯನ್ನು! ನಗು ಸಡಿಲಿಸಿದ, ಬಲೂನು ಜಾರಿತು. ಅಯ್ಯೋ ದೇವರೇ ಎಂದು ಮತ್ತೆ ಕಿವಿಯವರೆಗೂ ಬಾಯಿ ಹಿಗ್ಗಿಸಿದ. ದವಡೆ ನೋಯಿತು, ಕಣ್ಣಲ್ಲಿ ನೀರು ಬಂತು, ಬಲೂನು ಮೋಡ ದಾಟಿ ಢಮ್ಮೆಂದಿತು. ನೂರಕ್ಕೆ ತೊಂಬತ್ತೆಂಟು.

ಪಕ್ಕದ ಕೋಣೆಯಲ್ಲಿ ಅಂಕ ನೋಡಿದ ಕೇಂದ್ರದ ಮೇಡಂ ಚಪ್ಪಾಳೆ ತಟ್ಟುತ್ತ ಬಂದರು. "ಪವಾಡ ಕಣ್ರೀ! ನಿಮ್ಮ ಮಗಳು ಪೂರ್ತಿ ಸುಧಾರಿಸಿದಾಳೆ. ಇನ್ನು ಅವಳಿಗೆ ಇಲ್ಲೇನು ಕೆಲಸ? ನಾಳೆಯಿಂದ ಈ ಸೀಟು ಬೇರೆ ಮಗುಗೆ."

ದರ್ಜಿ ಕೂತಲ್ಲೇ ಕೈ ಮುಗಿದ. "ತಪ್ಪಾಯ್ತು ಮೇಡಂ. ಅದು ನನ್ನ ನಗು. ಅವಳು ನಗ್ಲೇ ಇಲ್ಲ."

"ಹೌದಾ?" ಮೇಡಂ ತೊಂಬತ್ತೆಂಟನ್ನು ಹೊಡೆದುಹಾಕಿ ಸೊನ್ನೆ ಬರೆದರು. "ಹಾಗಾದ್ರೆ ಪ್ರಗತಿ ಇಲ್ಲ. ನಿಯಮ ಗೊತ್ತಲ್ಲ ನಿಮಗೆ?"

"ನಾನು ಆಗ್ಲೇ ಹೇಳ್ದೆ" ಎಂದರು ದೊಡ್ಡಮ್ಮ. ಏನು ಹೇಳಿದ್ದರೋ ಅವರಿಗೇ ಗೊತ್ತಿರಲಿಲ್ಲ.

ಮಗಳು ಹೆದರಬಾರದೆಂದು ದರ್ಜಿ ಇನ್ನೂ ಹಲ್ಲು ಬಿಟ್ಟೇ ಕೂತಿದ್ದ. ಗುಬ್ಬಿ ಗುಂಡಿ ಬಿಟ್ಟು ತಲೆಯೆತ್ತಿದಳು. ಎರಡು ಪುಟ್ಟ ಬೆರಳುಗಳಿಂದ ಅಪ್ಪನ ತುಟಿಯ ಎರಡೂ ಕೊನೆಗಳನ್ನು ಹಿಡಿದು ಮೆಲ್ಲಗೆ ಕೆಳಕ್ಕೆ ಎಳೆದಳು. ಆಮೇಲೆ ಅವನ ಕಣ್ಣೊರೆಸಿದಳು.

ಅಷ್ಟು ಹೊತ್ತಿಗೆ ಮೇಡಂ ಕ್ಯಾಮೆರಾ ಆರಿಸಿಯಾಗಿತ್ತು.